ಎಂಟನ್ನು ಎರಡು ಮಾಡಿದರೆ ಆಟಕ್ಕೆ ವೇಗ ಬರುವುದೇಕೆ?

2005ರ ನವೆಂಬರಿನಲ್ಲಿ ದಕ್ಷಿಣ ಕೊರಿಯಾದ ಗೇಮ್‌ಪಾರ್ಕ್ ಹೋಲ್ಡಿಂಗ್ಸ್ ಕಂಪನಿ ಜಿಪಿ2ಎಕ್ಸ್ ಎಂಬ ಪುಟ್ಟ ಗೇಮ್ ಯಂತ್ರವನ್ನು ಮಾರುಕಟ್ಟೆಗೆ ಬಿಟ್ಟಿತು. ಎರಡು ಎಎ ಸೆಲ್ಲು, 320×240ರ ಪರದೆ, 64 ಎಂಬಿ ಮೆಮೊರಿ, 200 ಮೆಗಾಹರ್ಟ್ಸ್‌ನ ಎರಡು ಎಆರ್‌ಎಂ ಪ್ರೊಸೆಸರು, ಒಳಗೆ ಲಿನಕ್ಸ್. ಅದಕ್ಕೆಂದೇ ತಯಾರಾಗಿ ಮಾರಾಟಕ್ಕೆ ಬಂದ ಆಟಗಳು ತೀರಾ ಕಡಿಮೆ. ಬಹುತೇಕರು ಅದನ್ನು ಕೊಂಡದ್ದು ಸೆಗಾ, ನಿಂಟೆಂಡೊ ಕಾಲದ ಹಳೆಯ ಆಟಗಳನ್ನು ಎಮ್ಯುಲೇಟರ್, ಅಂದರೆ ಹಳೆಯ ಯಂತ್ರವನ್ನು ಅನುಕರಿಸುವ ಸಾಫ್ಟ್‌ವೇರ್ ಮೂಲಕ ಆಡಲೆಂದೇ. ಸೆಗಾದ ಮೆಗಾ ಡ್ರೈವ್ ಕನ್ಸೋಲಿನ ಆಟಗಳಿಗೆ ಪಿಕೋಡ್ರೈವ್ ಎಂಬ ಎಮ್ಯುಲೇಟರ್ ಇತ್ತು. ಅದರ ಸೆಟ್ಟಿಂಗ್ಸ್‌ನಲ್ಲಿ ರ‍್ಯಾಮ್ ಟೈಮಿಂಗ್ ಎಂಬ ಒಂದು ಆಯ್ಕೆ. ಅದನ್ನು ಆನ್ ಮಾಡಿದರೆ ಪ್ರೊಸೆಸರಿನ ಮೆಗಾಹರ್ಟ್ಸ್ ಬದಲಾಗುತ್ತಿರಲಿಲ್ಲ, ವೋಲ್ಟೇಜ್ ಏರುತ್ತಿರಲಿಲ್ಲ, ಸೆಲ್ಲಿನ ಮೇಲೆ ಹೇಳಿಕೊಳ್ಳುವಂಥ ಹೊರೆಯೂ ಬೀಳುತ್ತಿರಲಿಲ್ಲ. ಆದರೂ ಆಟ ಚುರುಕಾಗುತ್ತಿತ್ತು.

ಆ ಆಯ್ಕೆ ಮಾಡುತ್ತಿದ್ದದ್ದು ಇಷ್ಟೇ: ಮೆಮೊರಿಯನ್ನು ನಡೆಸುವ ಕಂಟ್ರೋಲರಿನ ರಿಜಿಸ್ಟರಿನಲ್ಲಿ (ಸೆಟ್ಟಿಂಗ್ ಇಡುವ ಜಾಗದಲ್ಲಿ) ಇದ್ದ ಏಳು ಅಂಕಿಗಳನ್ನು ತಿದ್ದುವುದು. ಮೊದಲು ಅವು 8, 16, 3, 8, 8, 8, 8 ಎಂದಿದ್ದವು. ತಿದ್ದಿದ ಮೇಲೆ 6, 4, 1, 1, 1, 2, 2. ಕೊನೆಯ ಎರಡು ಅಂಕಿಗಳನ್ನು ನೆನಪಿಟ್ಟುಕೊಳ್ಳಿ, ಎಂಟೆಂಟು ಇದ್ದದ್ದು ಎರಡೆರಡಾಯಿತು. ಆಟಕ್ಕೆ ಸಿಕ್ಕ ವೇಗದಲ್ಲಿ ದೊಡ್ಡ ಪಾಲು ಅವುಗಳದ್ದೇ ಇರಬೇಕು.

ಇಪ್ಪತ್ತು ವರ್ಷ ಹಳೆಯ ಈ ಲೆಕ್ಕವನ್ನು ಈಗ ಕೆದಕುವುದಕ್ಕೆ ಕಾರಣವಿದೆ. 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿ ಚಿಪ್ಪುಗಳ ಬೆಲೆ ಗಗನಕ್ಕೇರಿತು. ಎಐ ಡೇಟಾ ಸೆಂಟರುಗಳು ಕೇಳಿದ ಬೆಲೆ ಕೊಟ್ಟು ಕೊಳ್ಳಲು ನಿಂತಾಗ ಕಾರ್ಖಾನೆಗಳು ಅತ್ತ ವಾಲಿದವು. ಮೈಕ್ರಾನ್ ಕಂಪನಿಯಂತೂ ಡಿಸೆಂಬರಿನಲ್ಲಿ, ಸಾಮಾನ್ಯ ಗ್ರಾಹಕರಿಗೆ ರ‍್ಯಾಮ್ ಮಾರುತ್ತಿದ್ದ ತನ್ನ ಕ್ರೂಶಿಯಲ್ ಬ್ರಾಂಡನ್ನೇ ಮುಚ್ಚುವುದಾಗಿ ಪ್ರಕಟಿಸಿತು. ಅಗ್ಗದ ಹ್ಯಾಂಡ್‌ಹೆಲ್ಡ್ ಕನ್ಸೋಲುಗಳ ಖರ್ಚಿನಲ್ಲಿ ಮೆಮೊರಿಯ ಪಾಲು ಸಣ್ಣದಲ್ಲ. ಹೀಗಿರುವಾಗ ಹೊಸದಕ್ಕೆ ದುಡ್ಡು ಸುರಿಯುವ ಬದಲು ಕೈಯಲ್ಲಿರುವ ಯಂತ್ರವನ್ನೇ ಇನ್ನಷ್ಟು ಹಿಂಡೋಣ ಅನ್ನಿಸುವುದು ಸಹಜ. "ಮೆಮೊರಿ ಟೈಮಿಂಗ್ ಬಿಗಿ ಮಾಡಿ, ಎಮ್ಯುಲೇಟರ್ ಓಡುತ್ತದೆ" ಎಂಬ ಸಲಹೆಗೆ ಕಿವಿ ನೆಟ್ಟಗಾಗುವುದು ಆಗಲೇ. ಸಲಹೆ ಸುಳ್ಳಲ್ಲ. ಆದರೆ ಅದು ಯಾವ ಯಂತ್ರಕ್ಕೆ, ಎಷ್ಟರ ಮಟ್ಟಿಗೆ ನಿಜ ಎನ್ನುವಲ್ಲಿ ಜನ ಎಡವುತ್ತಾರೆ. ಜಿಪಿ2ಎಕ್ಸ್‌ನಲ್ಲಿ ಹಬ್ಬವಾಗಿದ್ದ ಉಪಾಯ ಸ್ಟೀಮ್ ಡೆಕ್‌ನಂಥ ಇಂದಿನ ಹ್ಯಾಂಡ್‌ಹೆಲ್ಡಿನಲ್ಲಿ ಉಪ್ಪಿನಕಾಯಿಯಷ್ಟು ಮಾತ್ರ.

ಸೀರೆ ಅಂಗಡಿಯ ಲೆಕ್ಕ

ಕಂಪ್ಯೂಟರಿನ ಮುಖ್ಯ ಮೆಮೊರಿಯಲ್ಲಿ ಪ್ರತಿ ಬಿಟ್ಟೂ ಒಂದು ಅತಿ ಸಣ್ಣ ಕೆಪಾಸಿಟರಿನಲ್ಲಿರುವ ವಿದ್ಯುದಂಶ. ಇವು ಸಾಲು ಸಾಲಾಗಿ ಕೂತಿರುತ್ತವೆ. ಪ್ರೊಸೆಸರು ಒಂದು ಬೈಟ್ ಕೇಳಿದರೂ ಮೆಮೊರಿ ಆ ಇಡೀ ಸಾಲನ್ನೇ ಎಬ್ಬಿಸಬೇಕು. ಜವಳಿ ಅಂಗಡಿಯಲ್ಲಿ ಸೀರೆ ತೋರಿಸುವವರನ್ನು ನೆನೆಸಿಕೊಳ್ಳಿ. ಕಪಾಟಿನಿಂದ ಒಂದು ಕಟ್ಟು ಇಳಿಸಿ ಹಾಸಿನ ಮೇಲೆ ಬಿಚ್ಚುತ್ತಾರೆ, ಆಮೇಲೆ ಅದರೊಳಗಿನ ಒಂದು ಸೀರೆಯನ್ನು ನಿಮ್ಮ ಕೈಗೆ ಕೊಡುತ್ತಾರೆ. ಅದೇ ಕಟ್ಟಿನ ಇನ್ನೊಂದು ಕೇಳಿದರೆ ತಡವಿಲ್ಲ. ಬೇರೆ ಕಟ್ಟಿನದು ಕೇಳಿದಿರೋ, ಹರಡಿದ್ದನ್ನೆಲ್ಲ ಮಡಚಿ ಮೇಲಿಟ್ಟು ಹೊಸ ಕಟ್ಟನ್ನು ಇಳಿಸಬೇಕು. ಮೆಮೊರಿ ಟೈಮಿಂಗ್ ಎಂದರೆ ಈ ಒಂದೊಂದು ಕೆಲಸಕ್ಕೂ ಕೊಟ್ಟಿರುವ ಸಮಯ, ಅದರ ಅಳತೆ ಕ್ಲಾಕು, ಅಂದರೆ ಯಂತ್ರದ ಒಂದು ಮಿಡಿತ. ಸಾಲನ್ನು ತೆರೆಯುವ ಸಮಯಕ್ಕೆ ಟಿಆರ್‌ಸಿಡಿ, ಮುಚ್ಚುವ ಸಮಯಕ್ಕೆ ಟಿಆರ್‌ಪಿ. ಜಿಪಿ2ಎಕ್ಸ್‌ನಲ್ಲಿ ಎಂಟರಿಂದ ಎರಡಕ್ಕೆ ಇಳಿದದ್ದು ಇವೇ.

ಟಿಆರ್‌ಎಎಸ್ ಎಂಬ ಇನ್ನೊಂದು ಅಂಕಿ ಸ್ವಲ್ಪ ವಿಚಿತ್ರದ್ದು. ಒಮ್ಮೆ ತೆರೆದ ಸಾಲನ್ನು ಕನಿಷ್ಠ ಇಷ್ಟು ಹೊತ್ತು ತೆರೆದೇ ಇಡಬೇಕು ಎನ್ನುತ್ತದೆ ಅದು. ಈ ವರ್ಗದ ಮೆಮೊರಿಯಲ್ಲಿ ಓದುವುದೆಂದರೆ ಅಳಿಸಿದಂತೆ, ಸಾಲನ್ನು ತೆರೆದ ಕ್ಷಣ ಕೆಪಾಸಿಟರಿನಲ್ಲಿದ್ದ ವಿದ್ಯುದಂಶ ಹೊರಗೆ ಹರಿದುಹೋಗುತ್ತದೆ. ಮುಚ್ಚುವ ಮೊದಲು ಅದನ್ನು ಮತ್ತೆ ತುಂಬಬೇಕು. ತುಂಬುವ ಮೊದಲೇ ಮುಚ್ಚಿಬಿಟ್ಟರೆ ಬಿಟ್ಟುಗಳು ಅರೆಹೊಟ್ಟೆಯಲ್ಲಿ ಉಳಿಯುತ್ತವೆ. ಆ ಕ್ಷಣಕ್ಕೆ ಯಾವ ತೊಂದರೆಯೂ ಕಾಣದು. ಸ್ವಲ್ಪ ಹೊತ್ತಿನ ಮೇಲೆ ಓದಿದಾಗ ಒಂದು ಇದ್ದಲ್ಲಿ ಸೊನ್ನೆ ಸಿಕ್ಕಬಹುದು.

ಕೆಪಾಸಿಟರುಗಳು ತಾವಾಗಿಯೇ ಸೋರುವುದೂ ಉಂಟು. ಅದಕ್ಕೇ ರಿಫ್ರೆಶ್ ಬೇಕು. ಡಿಡಿಆರ್ ಮೆಮೊರಿಯ ನಿಯಮದಂತೆ 64 ಮಿಲಿಸೆಕೆಂಡಿಗೊಮ್ಮೆ ಎಲ್ಲ ಸಾಲುಗಳೂ ಹೊಸದಾಗಿ ತುಂಬಿಕೊಳ್ಳಬೇಕು. ಇದನ್ನು 8192 ಕಂತುಗಳಾಗಿ ಹಂಚಿದರೆ ಸುಮಾರು 7.8 ಮೈಕ್ರೋಸೆಕೆಂಡಿಗೊಂದು ಕಂತು. 8 ಗಿಗಾಬಿಟ್‌ನ ಡಿಡಿಆರ್4 ಚಿಪ್ಪಿನಲ್ಲಿ ಒಂದೊಂದು ಕಂತಿಗೂ 350 ನ್ಯಾನೋಸೆಕೆಂಡು ಹಿಡಿಯುತ್ತದೆ. ಅಂದರೆ ಒಟ್ಟು ಸಮಯದ ನಾಲ್ಕೂವರೆ ಶೇಕಡಾ ಬರೀ ತುಂಬಿಕೊಳ್ಳುವುದರಲ್ಲೇ ಕಳೆಯುತ್ತದೆ. ಟಿಆರ್‌ಎಫ್‌ಸಿ ಎಂಬ ಅಂಕಿ ಹೇಳುವುದು ಈ 350ರ ಸಂಗತಿಯನ್ನು.

ಎಮ್ಯುಲೇಟರಿಗೇ ಏಕೆ ಇಷ್ಟು ಫಲ?

ವಿಡಿಯೊ ಪ್ಲೇಯರು ಮೆಮೊರಿಯನ್ನು ಉದ್ದಕ್ಕೆ, ಒಂದರ ಹಿಂದೊಂದು ಓದುತ್ತದೆ. ಕಟ್ಟು ಬಿಚ್ಚಿದ ಮೇಲೆ ಅದರಲ್ಲಿದ್ದದ್ದನ್ನೆಲ್ಲ ಮುಗಿಸಿಯೇ ಮುಂದಕ್ಕೆ. ಅಂಥ ಕೆಲಸಕ್ಕೆ ಟೈಮಿಂಗ್ ಬಿಗಿ ಮಾಡಿ ಹೆಚ್ಚಿನ ಲಾಭವಿಲ್ಲ. ಎಮ್ಯುಲೇಟರಿನ ಸ್ವಭಾವ ಇದಕ್ಕೆ ತದ್ವಿರುದ್ಧ. ಅದು ಹಳೆಯ ಯಂತ್ರದ ಒಂದು ಆದೇಶವನ್ನು ಆಟದ ರಾಮ್ (ROM) ಫೈಲಿನಿಂದ ಓದುತ್ತದೆ, ಆ ಆದೇಶಕ್ಕೆ ಹೊಂದುವ ತನ್ನ ಕೋಡಿಗೆ ಹಾರುತ್ತದೆ, ಹಳೆಯ ಯಂತ್ರದ ರ‍್ಯಾಮ್ ಎಂದು ತಾನು ಇಟ್ಟುಕೊಂಡಿರುವ ಜಾಗದಲ್ಲಿ ಏನನ್ನೋ ಬದಲಿಸುತ್ತದೆ, ಬಣ್ಣದ ಕೋಷ್ಟಕ ನೋಡುತ್ತದೆ, ಪರದೆಗೆ ಬರೆಯುತ್ತದೆ, ಮತ್ತೆ ಫೈಲಿಗೆ. ಐದು ಕಡೆ ಐದು ಕಟ್ಟು.

ಮೆಗಾ ಡ್ರೈವ್‌ನ ಲೆಕ್ಕ ಹಾಕಿ ನೋಡೋಣ. ಅದರ 68000 ಪ್ರೊಸೆಸರಿನ ವೇಗ 7.67 ಮೆಗಾಹರ್ಟ್ಸ್. ಜಿಪಿ2ಎಕ್ಸ್‌ನದು 200. ಭಾಗಿಸಿದರೆ ಹಳೆಯ ಯಂತ್ರದ ಒಂದು ಕ್ಲಾಕಿಗೆ ಹೊಸದರ 26 ಕ್ಲಾಕು ಸಿಗುತ್ತವೆ. ಧಾರಾಳವೆನಿಸುತ್ತದೆ. ಆದರೆ ಅದರಲ್ಲೇ ಇನ್ನೊಂದು ಜ಼ಡ್80 ಪ್ರೊಸೆಸರನ್ನೂ ನಡೆಸಬೇಕು, ಧ್ವನಿ ಚಿಪ್ಪನ್ನೂ ಅನುಕರಿಸಬೇಕು, ಸೆಕೆಂಡಿಗೆ 60 ಸಲ ಚಿತ್ರವನ್ನೂ ಬಿಡಿಸಬೇಕು. ಇನ್ನು ಕ್ಯಾಶ್, ಅಂದರೆ ಪ್ರೊಸೆಸರಿನೊಳಗೇ ಇರುವ ಪುಟ್ಟ, ವೇಗದ ಮೆಮೊರಿಯನ್ನು ನೋಡಿ: ಜಿಪಿ2ಎಕ್ಸ್‌ನ ಮುಖ್ಯ ಎಆರ್‌ಎಂ920ಟಿ ಪ್ರೊಸೆಸರಿಗೆ ಡೇಟಾಕ್ಕೆಂದು ಇರುವುದು 16 ಕೆಬಿ ಮಾತ್ರ, ಆದೇಶಗಳಿಗೆ ಇನ್ನೊಂದು 16. ಎರಡನೇ ಹಂತದ ಕ್ಯಾಶ್ ಇಲ್ಲವೇ ಇಲ್ಲ. ಮೆಗಾ ಡ್ರೈವ್‌ನ ಕೆಲಸದ ರ‍್ಯಾಮೇ 64 ಕೆಬಿ, ವಿಡಿಯೊ ರ‍್ಯಾಮ್ ಇನ್ನೊಂದು 64 ಕೆಬಿ, ಆಟದ ಫೈಲು ಎಷ್ಟೋ ಸಲ ಎರಡು, ಮೂರು, ನಾಲ್ಕು ಎಂಬಿ. ಇವು ಯಾವುವೂ ಆ ಪುಟ್ಟ ಕ್ಯಾಶಿನಲ್ಲಿ ಹಿಡಿಯುವುದಿಲ್ಲ. ಹಾಗಾಗಿ ಪ್ರೊಸೆಸರು ಮತ್ತೆ ಮತ್ತೆ ಮೆಮೊರಿಯ ಬಾಗಿಲಿಗೆ ಹೋಗಿ ನಿಲ್ಲುತ್ತದೆ. ಒಂದು ಸಾಲು ಮುಚ್ಚಿ ಇನ್ನೊಂದು ತೆರೆಯಲು ಮೊದಲು 16 ಕ್ಲಾಕು, ತಿದ್ದಿದ ಮೇಲೆ 4. ಮೆಗಾಹರ್ಟ್ಸ್ ಬದಲಾಗದೆ ಆಟ ಚುರುಕಾದದ್ದರ ಗುಟ್ಟು ಇದು.

ಇನ್ನೊಂದು ಮಾತನ್ನೂ ಸೇರಿಸಬೇಕು, ಏಕೆಂದರೆ ಟೈಮಿಂಗ್ ಬಗ್ಗೆ ಬರೆಯುವವರು ಇದನ್ನು ಮರೆಯುತ್ತಾರೆ. ಜಿಪಿ2ಎಕ್ಸ್‌ನ 64 ಎಂಬಿಯಲ್ಲಿ ಮೇಲಿನ 32 ಎಂಬಿಯನ್ನು ಪ್ರೋಗ್ರಾಮುಗಳು ಬಳಸಿದಾಗ ಅದಕ್ಕೆ ಕ್ಯಾಶಿನ ನೆರವೇ ಸಿಗುತ್ತಿರಲಿಲ್ಲ. ಪೇಜ್ ಟೇಬಲ್ (ಮೆಮೊರಿಯ ಯಾವ ಭಾಗವನ್ನು ಹೇಗೆ ಬಳಸಬೇಕೆಂದು ಹೇಳುವ ಪಟ್ಟಿ) ತಿದ್ದಿ ಆ ಭಾಗಕ್ಕೂ ಕ್ಯಾಶ್ ಸಿಗುವಂತೆ ಮಾಡಿದ ಇನ್ನೊಂದು ಉಪಾಯ ಅದೇ ಕಾಲದಲ್ಲಿ ಬಂತು. ಟೈಮಿಂಗ್ ತಿದ್ದುವುದಕ್ಕಿಂತ ಅದು ಹೆಚ್ಚು ಶುದ್ಧವಾದ ಪರಿಹಾರ ಎಂಬುದು ನನ್ನ ಅಭಿಪ್ರಾಯ. ಚಿಪ್ಪನ್ನು ಅದರ ಮಿತಿಯಾಚೆ ತಳ್ಳದೆ, ಇದ್ದ ಸೌಲಭ್ಯವನ್ನು ಬಳಸದೇ ಬಿಟ್ಟಿದ್ದ ತಪ್ಪನ್ನಷ್ಟೇ ಅದು ಸರಿಪಡಿಸಿತು.

ಎಮ್ಯುಲೇಟರಿನಲ್ಲಿ ಸಣ್ಣ ಲಾಭವೂ ದೊಡ್ಡದಾಗಿ ಕಾಣುವುದಕ್ಕೆ ಮತ್ತೂ ಒಂದು ಕಾರಣವಿದೆ. ಸೆಕೆಂಡಿಗೆ 60 ಚಿತ್ರ ಎಂದರೆ ಒಂದು ಚಿತ್ರಕ್ಕೆ 16.7 ಮಿಲಿಸೆಕೆಂಡಿನ ಗಡುವು. ನಿಮ್ಮ ಯಂತ್ರ ಒಂದು ಚಿತ್ರಕ್ಕೆ 17.2 ತೆಗೆದುಕೊಳ್ಳುತ್ತಿದ್ದರೆ ಧ್ವನಿ ಕರಕರ ಅನ್ನುತ್ತದೆ, ಚಿತ್ರ ಮುಗ್ಗರಿಸುತ್ತದೆ. ನಾಲ್ಕು ಶೇಕಡಾ ಉಳಿಸಿದಿರಿ ಎಂದರೆ ಅದು 16.5ಕ್ಕೆ ಬರುತ್ತದೆ, ಎರಡೂ ತೊಂದರೆ ಒಟ್ಟಿಗೇ ಮಾಯ. ಪಿಸಿ ಗೇಮಿನಲ್ಲಿ ನಾಲ್ಕು ಶೇಕಡಾ ಎಂದರೆ ಯಾರೂ ತಲೆಯೆತ್ತಿ ನೋಡುವುದಿಲ್ಲ. ಇಲ್ಲಿ ಅದೇ ಪಾಸು, ಫೇಲಿನ ಗೆರೆ. ಆದರೆ ನಿಮ್ಮ ಯಂತ್ರ 25 ಮಿಲಿಸೆಕೆಂಡು ತೆಗೆದುಕೊಳ್ಳುತ್ತಿದ್ದರೆ ಟೈಮಿಂಗ್ ತಿದ್ದಿ ಏನೂ ಆಗುವುದಿಲ್ಲ. ಎಮ್ಯುಲೇಟರನ್ನೇ ಬದಲಿಸಬೇಕು, ಇಲ್ಲವೇ ಆಸೆ ಬಿಡಬೇಕು.

ಉಳಿಕೆ ಎಲ್ಲಿಂದ ಬಂತು?

ಕಂಪನಿ ಎಂಟು ಎಂದು ಬರೆದಿದ್ದನ್ನು ಯಾರೋ ಎರಡು ಮಾಡಿದರೂ ಯಂತ್ರ ನಡೆಯುತ್ತದೆ ಎಂದರೆ ಕಂಪನಿಯ ಎಂಜಿನಿಯರುಗಳಿಗೆ ತಿಳಿದಿರಲಿಲ್ಲವೇ? ತಿಳಿದಿರುತ್ತದೆ. ಆದರೆ ಲಕ್ಷಗಟ್ಟಲೆ ಚಿಪ್ಪುಗಳಲ್ಲಿ ಅತಿ ದುರ್ಬಲವಾದದ್ದು, ಅತಿ ಬಿಸಿಯಲ್ಲಿ, ಅತಿ ಕಡಿಮೆ ವೋಲ್ಟೇಜಿನಲ್ಲೂ ಕೆಲಸ ಮಾಡಬೇಕು ಎಂಬ ಲೆಕ್ಕದಲ್ಲಿ ಅವರು ಅಂಕಿ ಇಡುತ್ತಾರೆ. ನಿಮ್ಮ ಕೈಯಲ್ಲಿರುವ ಚಿಪ್ಪು ಬಹುಶಃ ಆ ದುರ್ಬಲ ಚಿಪ್ಪಲ್ಲ. ಅದರ ಸಲುವಾಗಿ ನೀವು ಸುಮ್ಮನೆ ಕಾಯುತ್ತಿದ್ದೀರಿ.

ಈ ಉಳಿಕೆ ಎಷ್ಟಿದೆ ಎಂದು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು ಅಳೆದು 2015ರಲ್ಲಿ ಪ್ರಕಟಿಸಿದರು. ಮೂರು ತಯಾರಕರ 115 ಮೆಮೊರಿ ಮಾಡ್ಯೂಲುಗಳನ್ನು ಪರೀಕ್ಷಿಸಿದಾಗ, 55 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಟೈಮಿಂಗುಗಳನ್ನು ಗಣನೀಯವಾಗಿ ಇಳಿಸಿದರೂ ತಪ್ಪುಗಳು ಕಾಣಲಿಲ್ಲ. ನಿಯಮಗಳು ಲೆಕ್ಕ ಹಿಡಿಯುವುದು 85 ಡಿಗ್ರಿಯನ್ನು. ಬಿಸಿ ನೋಡಿಕೊಂಡು ಟೈಮಿಂಗ್ ಬದಲಿಸಿದರೆ, ಮೆಮೊರಿಯ ಮೇಲೆ ಹೆಚ್ಚು ಅವಲಂಬಿಸುವ ಕೆಲಸಗಳಿಗೆ ಸರಾಸರಿ 14 ಶೇಕಡಾ ವೇಗ ಸಿಕ್ಕಿತು. ಜಿಪಿ2ಎಕ್ಸ್ ಬಳಕೆದಾರರು ಹತ್ತು ವರ್ಷ ಮೊದಲು ಊಹೆಯ ಮೇಲೆ ಮಾಡಿದ್ದನ್ನೇ ಪ್ರಯೋಗಾಲಯ ಅಳತೆಯಿಟ್ಟು ಮಾಡಿತು. ವ್ಯತ್ಯಾಸವಿರುವುದು ಒಂದೇ ಕಡೆ: ಸಂಶೋಧಕರ ವಿಧಾನದಲ್ಲಿ ಚಿಪ್ಪು ಬಿಸಿಯಾದರೆ ಟೈಮಿಂಗ್ ಮತ್ತೆ ಸಡಿಲಾಗುತ್ತದೆ. ಕೈಯಿಂದ ತಿದ್ದಿದ ಅಂಕಿಗೆ ಆ ಬುದ್ಧಿ ಇಲ್ಲ.

ಉಳಿಕೆಗೆ ಎರಡನೆಯ ಮೂಲವೂ ಇದೆ, ಅದು ಬರೀ ಗಣಿತ. ಮೆಮೊರಿಗೆ ಬೇಕಾದದ್ದು ನ್ಯಾನೋಸೆಕೆಂಡು, ಕಂಟ್ರೋಲರಿಗೆ ಬರೆಯಬೇಕಾದದ್ದು ಪೂರ್ಣ ಸಂಖ್ಯೆಯ ಕ್ಲಾಕು. ಹಳೆಯ ಎಸ್‌ಡಿರ‍್ಯಾಮ್ ಚಿಪ್ಪುಗಳ ಒಂದು ಸಾಮಾನ್ಯ ದರ್ಜೆಗೆ ಸಾಲು ತೆರೆಯಲು 20 ನ್ಯಾನೋಸೆಕೆಂಡು ಬೇಕು. 133 ಮೆಗಾಹರ್ಟ್ಸ್‌ನಲ್ಲಿ ಒಂದು ಕ್ಲಾಕು ಎಂದರೆ 7.5 ನ್ಯಾನೋಸೆಕೆಂಡು. ಎರಡು ಕ್ಲಾಕು ಸಾಲದು, ಮೂರು ಕೊಡಬೇಕು. ಅದೇ ಮೆಮೊರಿಯನ್ನು 100 ಮೆಗಾಹರ್ಟ್ಸ್‌ನಲ್ಲಿ ಓಡಿಸಿದರೆ ಎರಡೇ ಕ್ಲಾಕು ನಿಖರವಾಗಿ ಸಾಕು. ಆದರೆ ಫರ್ಮ್‌ವೇರಿನಲ್ಲಿ ಮೂರು, ನಾಲ್ಕು, ಎಂಟು ಎಂದು ಬರೆದು ಹಾಗೇ ಬಿಟ್ಟಿದ್ದರೆ? ಆಗ ಅದನ್ನು ತಿದ್ದುವುದು ಮಿತಿ ಮೀರುವುದೂ ಅಲ್ಲ, ಸಾಹಸವೂ ಅಲ್ಲ, ಬರೀ ಲೆಕ್ಕ ಸರಿಮಾಡುವುದು. ಇದರ ಮತ್ತೊಂದು ಮುಖ: ಪ್ರೊಸೆಸರಿನ ಜೊತೆಗೆ ಮೆಮೊರಿ ಕ್ಲಾಕೂ ಏರುವ ಯಂತ್ರಗಳಲ್ಲಿ ಬಿಗಿ ಟೈಮಿಂಗ್ ಮತ್ತು ಓವರ್‌ಕ್ಲಾಕ್ (ನಿಗದಿಗಿಂತ ಹೆಚ್ಚು ಮೆಗಾಹರ್ಟ್ಸ್‌ನಲ್ಲಿ ಓಡಿಸುವುದು) ಎರಡೂ ಒಂದೇ ಉಳಿಕೆಯನ್ನು ತಿನ್ನುತ್ತವೆ. ಒಂದೊಂದೇ ಆದರೆ ಗಟ್ಟಿಯಾಗಿ ನಿಲ್ಲುವ ಯಂತ್ರ ಎರಡನ್ನೂ ಒಟ್ಟಿಗೆ ಹೇರಿದಾಗ ಕೈಕೊಡುವುದು ಅದಕ್ಕೇ.

ಇವತ್ತಿನ ಯಂತ್ರಗಳಲ್ಲಿ

ಹಳೆಯ ಎಸ್‌ಡಿರ‍್ಯಾಮಿಗೆ ಸಾಲು ತೆರೆಯಲು 20 ನ್ಯಾನೋಸೆಕೆಂಡು ಎಂದೆ. ಮೊಬೈಲು, ಹ್ಯಾಂಡ್‌ಹೆಲ್ಡುಗಳಲ್ಲಿರುವ ಇವತ್ತಿನ ಎಲ್‌ಪಿಡಿಡಿಆರ್4 ಮೆಮೊರಿಯ ನಿಯಮದಲ್ಲಿ ಅದು ಎಷ್ಟಿರಬಹುದು? 18. ಇಪ್ಪತ್ತು ವರ್ಷದಲ್ಲಿ ಎರಡು ನ್ಯಾನೋಸೆಕೆಂಡು. ಮೆಮೊರಿ ಸೆಕೆಂಡಿಗೆ ಹರಿಸಬಲ್ಲ ಡೇಟಾದ ಪ್ರಮಾಣ ಇದೇ ಅವಧಿಯಲ್ಲಿ ಹತ್ತಾರು ಪಟ್ಟು ಬೆಳೆದಿದೆ. 2022ರ ಸ್ಟೀಮ್ ಡೆಕ್‌ನದು ಸೆಕೆಂಡಿಗೆ 88 ಜಿಬಿ, 2023ರ ಒಎಲ್‌ಇಡಿ ಮಾದರಿಯದು 102.4 ಜಿಬಿ. ಆದರೆ ಮೊದಲ ಬೈಟಿಗಾಗಿ ಕಾಯುವ ಕಾಲ ಹೆಚ್ಚುಕಡಿಮೆ ಇದ್ದಲ್ಲೇ ಇದೆ.

ಹಾಗಿದ್ದರೆ ಬಿಗಿ ಟೈಮಿಂಗಿನ ಮಹಿಮೆ ಇಂದಿಗೂ ಅಷ್ಟೇ ಇರಬೇಕಲ್ಲ? ಇಲ್ಲ, ಎರಡು ಕಾರಣಕ್ಕೆ. ಮೊದಲನೆಯದು ಮತ್ತೆ ಅದೇ ಗಣಿತ. 1600 ಮೆಗಾಹರ್ಟ್ಸ್‌ನಲ್ಲಿ 18 ನ್ಯಾನೋಸೆಕೆಂಡು ಎಂದರೆ 29 ಕ್ಲಾಕು. ಒಂದು ಕಡಿಮೆ ಮಾಡಿದರೆ ಆಗುವ ಉಳಿತಾಯ ಅರ್ಧ ನ್ಯಾನೋಸೆಕೆಂಡಿಗಿಂತ ತುಸು ಹೆಚ್ಚು. ಹಳೆಯ ಚಿಪ್ಪಿನಲ್ಲಿ ಮೂರನ್ನು ಎರಡು ಮಾಡಿದರೆ ಮೂರನೇ ಒಂದು ಪಾಲೇ ಉಳಿತಾಯವಾಗುತ್ತಿತ್ತು. ಕ್ಲಾಕುಗಳು ಇಷ್ಟು ಸಣ್ಣದಾದಾಗ ತಯಾರಕರ ಅಂಕಿಯೂ ನಿಖರವಾಗುತ್ತದೆ, ಮರೆತುಬಿಟ್ಟ ಉಳಿಕೆ ಕಡಿಮೆಯಾಗುತ್ತದೆ. ಎರಡನೆಯದು ಕ್ಯಾಶ್. ಸ್ಟೀಮ್ ಡೆಕ್‌ನ ನಾಲ್ಕು ಕೋರುಗಳಿಗೆ ತಲಾ 512 ಕೆಬಿ ಎರಡನೇ ಹಂತದ ಕ್ಯಾಶ್, ಒಟ್ಟಿಗೆ 4 ಎಂಬಿ ಮೂರನೇ ಹಂತದ್ದು. ಮೆಗಾ ಡ್ರೈವ್ ಎಮ್ಯುಲೇಟರು ತನ್ನ ರ‍್ಯಾಮ್ ಸಮೇತ ಅದರೊಳಗೇ ವಾಸವಾಗಿ, ಮೆಮೊರಿಯ ಮುಖ ನೋಡುವುದೇ ಅಪರೂಪ. ಪ್ಲೇಸ್ಟೇಷನ್ 2ರ ಆಟಗಳಲ್ಲಿ ಹಾಗಲ್ಲ. ಅದರ ಮುಖ್ಯ ಮೆಮೊರಿಯೇ 32 ಎಂಬಿ. ಅಲ್ಲಿ ಟೈಮಿಂಗಿನ ಫಲ ಸ್ವಲ್ಪ ಕಾಣಬಹುದು, ಆದರೆ ಅಳತೆಗೋಲು ಹಿಡಿದು ಹುಡುಕಿದರೆ ಮಾತ್ರ ಸಿಗುವಷ್ಟು.

ಆ ಅಷ್ಟಕ್ಕಾಗಿ ತೆಗೆದುಕೊಳ್ಳುವ ಅಪಾಯ ನೋಡಿ. ಇಂಥ ಯಂತ್ರಗಳಲ್ಲಿ ಟೈಮಿಂಗ್ ಬದಲಿಸಲು ಬಯಾಸಿನ (ಯಂತ್ರವನ್ನು ಮೊದಲು ಎಬ್ಬಿಸುವ ಸಾಫ್ಟ್‌ವೇರಿನ) ಅಡಗಿಸಿಟ್ಟ ಮೆನುಗಳಿಗೆ ಕೈ ಹಾಕಬೇಕು. ಅಂಕಿ ತಪ್ಪಿದರೆ ಯಂತ್ರ ಆನ್ ಆಗುವುದಿಲ್ಲ, ಮದರ್‌ಬೋರ್ಡ್ ಬಿಚ್ಚಿ ಬಯಾಸ್ ಚಿಪ್ಪನ್ನು ಬೇರೆ ಸಾಧನದಿಂದ ಬರೆಯಬೇಕಾದೀತು. ಜಿಪಿ2ಎಕ್ಸ್‌ನಲ್ಲಿ ತಪ್ಪಾದರೆ ಸ್ವಿಚ್ ಆಫ್ ಮಾಡಿ ಆನ್ ಮಾಡಿದರಾಯಿತು, ರಿಜಿಸ್ಟರಿಗೆ ಬರೆದದ್ದು ಕರೆಂಟಿನ ಜೊತೆಗೇ ಹೋಗುತ್ತಿತ್ತು. ಪ್ರಯೋಗಕ್ಕೆ ಅಷ್ಟು ಸಲೀಸಾದ ಯಂತ್ರ ಆಮೇಲೆ ಬಂದದ್ದು ಕಡಿಮೆ.

ನಿಂಟೆಂಡೊ ಸ್ವಿಚ್ ನಡುವಿನ ಮೆಟ್ಟಿಲು. 2018ರ ಏಪ್ರಿಲಿನಲ್ಲಿ ಅದರ ಟೆಗ್ರಾ ಚಿಪ್ಪಿನ ಬೂಟ್‌ರಾಮಿನಲ್ಲಿ (ಆನ್ ಮಾಡಿದೊಡನೆ ಓಡುವ, ತಿದ್ದಲಾಗದ ಕೋಡಿನಲ್ಲಿ) ಇದ್ದ ದೋಷ ಬಯಲಾದ ಮೇಲೆ ಮೊದಲ ಮಾದರಿಗಳಲ್ಲಿ ಬೇಕಾದ ಸಾಫ್ಟ್‌ವೇರ್ ಹಾಕಲು ಸಾಧ್ಯವಾಯಿತು. ಸ್ವಿಚ್ ಟಿವಿಗೆ ಜೋಡಿಸಿದಾಗ ಮೆಮೊರಿಯನ್ನು 1600 ಮೆಗಾಹರ್ಟ್ಸ್‌ನಲ್ಲಿ ಓಡಿಸುತ್ತದೆ, ಕೈಯಲ್ಲಿ ಹಿಡಿದು ಆಡುವಾಗ ಬ್ಯಾಟರಿ ಉಳಿಸಲು 1331ಕ್ಕೆ ಇಳಿಸುತ್ತದೆ. ಕೈಯಲ್ಲಿ ಆಡುವಾಗಲೂ 1600 ಇಡುವುದು ಎಂದರೆ ತಯಾರಕರೇ ಪರೀಕ್ಷಿಸಿ ಒಪ್ಪಿದ ಅಂಕಿಯನ್ನು ಬಳಸುವುದು. ಇದು ಬೆಲೆ ಕಡಿಮೆಯ, ನಿದ್ದೆ ಕೆಡಿಸದ ಸುಧಾರಣೆ. ಅದರಾಚೆ ಟೈಮಿಂಗ್ ಕೋಷ್ಟಕಗಳನ್ನೇ ತಿದ್ದಿ 1800, 1900 ದಾಟಿಸುವವರೂ ಇದ್ದಾರೆ. ಅಲ್ಲಿಂದ ಮುಂದೆ ಪ್ರತಿಯೊಂದು ಚಿಪ್ಪೂ ಬೇರೆಯೇ ಜಾತಕ.

ಈಗ ಸಾವಿರಾರು ಜನ ಕೊಳ್ಳುವ ಅಗ್ಗದ ಚೀನೀ ಹ್ಯಾಂಡ್‌ಹೆಲ್ಡುಗಳ ಸಂಗತಿ ಇನ್ನೂ ಸ್ವಾರಸ್ಯದ್ದು. ಆರ್‌ಕೆ3566ನಂಥ ರಾಕ್‌ಚಿಪ್ ಪ್ರೊಸೆಸರುಗಳಿರುವ ಯಂತ್ರಗಳಲ್ಲಿ ಮೆಮೊರಿಯನ್ನು ಎಬ್ಬಿಸುವ ಕೋಡು ಕಂಪನಿಯೇ ಕೊಡುವ ಮುಚ್ಚಿದ ಬೈನರಿ, ಮೂಲ ಕೋಡು ಓದಲು ಸಿಗದಂಥದ್ದು. ಟೈಮಿಂಗ್ ಎಷ್ಟಿದೆ ಎಂದು ನೋಡಲೂ ಹೆಣಗಬೇಕು. ಆಲ್‌ವಿನ್ನರ್ ಚಿಪ್ಪುಗಳಲ್ಲಿ, ಯು-ಬೂಟ್ ಎಂಬ ಮುಕ್ತ ಬೂಟ್‌ಲೋಡರಿನಲ್ಲಿ ಟೈಮಿಂಗುಗಳು ನ್ಯಾನೋಸೆಕೆಂಡಿನಲ್ಲೇ ಬರೆದಿರುತ್ತವೆ, ಕ್ಲಾಕಿಗೆ ಬದಲಿಸುವ ಕೆಲಸ ಕೋಡೇ ಮಾಡುತ್ತದೆ. ಓದಬಲ್ಲ ಯಾರಾದರೂ ಚಿಪ್ಪಿನ ಡೇಟಾಶೀಟ್ ಪಕ್ಕದಲ್ಲಿಟ್ಟುಕೊಂಡು ತಾಳೆ ನೋಡಬಹುದು. ನನ್ನನ್ನು ಕೇಳಿದರೆ ಟೈಮಿಂಗ್ ಚರ್ಚೆಗೆ ಅರ್ಥವಿರುವುದು ಇಂಥ ಯಂತ್ರಗಳಲ್ಲೇ. ಕ್ಯಾಶ್ ಸಣ್ಣದು, ಮೆಮೊರಿ ನಿಧಾನ, ಬರೆದಿಟ್ಟ ಅಂಕಿ ಹಲವು ಬೋರ್ಡುಗಳಿಗೆ ಒಂದೇ.

ಆದರೆ ಅಲ್ಲೂ ಮೊದಲು ನೋಡಬೇಕಾದದ್ದು ಬೇರೆ. ರಾಕ್‌ಚಿಪ್ ಯಂತ್ರಗಳಲ್ಲಿ ಮೆಮೊರಿಯ ಕ್ಲಾಕು ಕೆಲಸದ ಹೊರೆ ನೋಡಿಕೊಂಡು ತಾನಾಗಿ ಏರಿಳಿಯುವ ವ್ಯವಸ್ಥೆಯಿದೆ, ಲಿನಕ್ಸ್ ಕರ್ನಲಿನಲ್ಲಿ ಅದಕ್ಕೆ ಡಿಎಂಸಿ ಎಂಬ ಡ್ರೈವರು. ಎಮ್ಯುಲೇಟರಿನ ಹೊರೆ ಕ್ಷಣಕ್ಷಣಕ್ಕೂ ಏರಿಳಿಯುವುದರಿಂದ ಮೆಮೊರಿ ನಿಧಾನದ ಗೇರಿನಲ್ಲಿದ್ದಾಗಲೇ ಭಾರದ ದೃಶ್ಯ ಬಂದುಬಿಡುತ್ತದೆ, ಅದು ಎಚ್ಚೆತ್ತುಕೊಳ್ಳುವಷ್ಟರಲ್ಲಿ ಗಡುವು ತಪ್ಪಿರುತ್ತದೆ. ಅದರ ಗವರ್ನರನ್ನು (ಏರಿಳಿತ ನಿರ್ಧರಿಸುವ ಸೆಟ್ಟಿಂಗನ್ನು) ಪರ್ಫಾರ್ಮೆನ್ಸ್ ಎಂದು ಇಟ್ಟರೆ ಕ್ಲಾಕು ಮೇಲೇ ನಿಲ್ಲುತ್ತದೆ. ಬ್ಯಾಟರಿ ಸ್ವಲ್ಪ ಹೆಚ್ಚು ತಿನ್ನುತ್ತದೆ, ಯಾವ ನಿಯಮವೂ ಮುರಿಯುವುದಿಲ್ಲ. ಟೈಮಿಂಗ್ ಹುಚ್ಚಿಗೆ ಬೀಳುವ ಮೊದಲು ಈ ಒಂದು ಸಾಲನ್ನು ಬದಲಿಸಿ ನೋಡದವರಿಗೆ ನಾನು ಬೇರೆ ಸಲಹೆ ಕೊಡುವುದಿಲ್ಲ.

ತಪ್ಪು ಕೂಗಿ ಹೇಳುವುದಿಲ್ಲ

ಪ್ರೊಸೆಸರನ್ನು ಅತಿಯಾಗಿ ಓವರ್‌ಕ್ಲಾಕ್ ಮಾಡಿದರೆ ಯಂತ್ರ ಹೆಪ್ಪುಗಟ್ಟುತ್ತದೆ, ನಿಮಗೆ ತಿಳಿಯುತ್ತದೆ. ಮೆಮೊರಿಯ ತಪ್ಪು ಹಾಗಲ್ಲ. ಎಲ್ಲೋ ಒಂದು ಬಿಟ್ಟು ತಿರುಗಿ ಪರದೆಯ ಒಂದು ಚುಕ್ಕೆಯ ಬಣ್ಣ ಬದಲಾದರೆ ಯಾರೂ ಗಮನಿಸುವುದಿಲ್ಲ. ಅದೇ ಬಿಟ್ಟು ಪಾಯಿಂಟರಿನಲ್ಲಿ (ಮೆಮೊರಿಯ ವಿಳಾಸದಲ್ಲಿ) ಇದ್ದರೆ ಎಮ್ಯುಲೇಟರ್ ಬೀಳುತ್ತದೆ. ಸೇವ್ ಫೈಲಿನಲ್ಲಿದ್ದರೆ ನಲವತ್ತು ಗಂಟೆ ಆಡಿದ ಆಟ ಒಂದು ದಿನ ತೆರೆಯುವುದೇ ಇಲ್ಲ. ಇನ್ನೂ ಕೆಟ್ಟದ್ದೆಂದರೆ, ಲಿನಕ್ಸ್ ಎಸ್‌ಡಿ ಕಾರ್ಡಿಗೆ ಬರೆಯಬೇಕಾದದ್ದನ್ನು ಸ್ವಲ್ಪ ಹೊತ್ತು ಮೆಮೊರಿಯಲ್ಲೇ ಇಟ್ಟುಕೊಂಡಿರುತ್ತದೆ. ಅಲ್ಲಿ ಕೆಟ್ಟರೆ ಕಾರ್ಡಿನ ಫೈಲ್ ಸಿಸ್ಟಮ್ಮೇ ಕೆಡಬಹುದು. ಅಂಕಿಗಳನ್ನು ಮತ್ತೆ ಮೊದಲಿನಂತೆ ಮಾಡಿದರೂ ಕೆಟ್ಟ ಫೈಲು ಸರಿಹೋಗುವುದಿಲ್ಲ.

ಬಿಸಿಯ ಮಾತು ನಮ್ಮ ಕಡೆಯವರಿಗೆ ವಿಶೇಷವಾಗಿ ಮುಖ್ಯ. ಕೆಪಾಸಿಟರುಗಳ ಸೋರಿಕೆ ಬಿಸಿ ಏರಿದಂತೆ ವೇಗವಾಗಿ ಹೆಚ್ಚುತ್ತದೆ. 85 ಡಿಗ್ರಿ ದಾಟಿದರೆ ರಿಫ್ರೆಶ್ ಎರಡು ಪಟ್ಟು ಸಲ ಮಾಡಬೇಕೆಂದು ಡಿಡಿಆರ್ ನಿಯಮವೇ ಹೇಳುತ್ತದೆ. ಯಾರೋ ಸಿಯೋಲಿನ ಚಳಿಯಲ್ಲಿ, ಲಂಡನ್ನಿನ ಕೋಣೆಯಲ್ಲಿ ಕೂತು ಗಟ್ಟಿ ಎಂದು ಸಾರಿದ ಅಂಕಿ, ಮೇ ತಿಂಗಳ ರಾಯಚೂರಿನಲ್ಲಿ 42 ಡಿಗ್ರಿಯಲ್ಲಿ ಚಾರ್ಜಿಗೆ ಹಾಕಿ ಆಡುವ ಹುಡುಗನ ಯಂತ್ರಕ್ಕೆ ಹೊಂದಬೇಕೆಂದಿಲ್ಲ. ಕೈಯಿಂದ ಕೈಗೆ ಅಂಕಿಗಳು ಹರಿದಾಡುತ್ತವೆ, ಚಿಪ್ಪೂ ಬಿಸಿಲೂ ಅವುಗಳ ಜೊತೆ ಬರುವುದಿಲ್ಲ.

ಅದರಲ್ಲೂ ರಿಫ್ರೆಶ್‌ಗೆ ಸಂಬಂಧಪಟ್ಟ ಅಂಕಿಗಳನ್ನು ಮುಟ್ಟದಿರುವುದೇ ಒಳ್ಳೆಯದು. ಸಾಲು ತೆರೆಯುವ ಸಮಯ ಸಾಲದೆ ಬಂದರೆ ತಪ್ಪು ಸಾಮಾನ್ಯವಾಗಿ ಬೇಗ ಕಾಣುತ್ತದೆ, ಹತ್ತು ನಿಮಿಷದ ಪರೀಕ್ಷೆಯಲ್ಲೇ ಸಿಕ್ಕಿಬೀಳುತ್ತದೆ. ರಿಫ್ರೆಶ್ ಕಡಿಮೆಯಾದರೆ ಕೆಲವೇ ದುರ್ಬಲ ಬಿಟ್ಟುಗಳು, ಬಿಸಿ ಇದ್ದಾಗ ಮಾತ್ರ, ಬಹಳ ಹೊತ್ತು ಮುಟ್ಟದೇ ಬಿಟ್ಟ ಜಾಗದಲ್ಲಿ ಕೆಡುತ್ತವೆ. ಹಿಡಿಯುವುದು ಕಷ್ಟ. ಜೊತೆಗೆ ಎಲ್‌ಪಿಡಿಡಿಆರ್ ಚಿಪ್ಪುಗಳಲ್ಲಿ ಬಿಸಿ ತಿಳಿಸುವ ರಿಜಿಸ್ಟರ್ ಇರುತ್ತದೆ. ಕಂಟ್ರೋಲರು ಅದನ್ನು ಓದಿ, ತಣ್ಣಗಿದ್ದಾಗ ರಿಫ್ರೆಶ್ ಕಡಿಮೆ ಮಾಡಬಹುದು, ಕಾದಾಗ ಹೆಚ್ಚಿಸಬಹುದು. ಆ ಉಳಿಕೆಯಲ್ಲಿ ಒಂದು ಪಾಲು ಈಗಾಗಲೇ ಬಳಕೆಯಾಗಿರಬಹುದು, ಅದೂ ಸುರಕ್ಷಿತವಾಗಿ. ಜಿಪಿ2ಎಕ್ಸ್‌ನಲ್ಲಿ ಟಿಆರ್‌ಎಫ್‌ಸಿಯನ್ನು ಎಂಟರಿಂದ ಒಂದಕ್ಕೆ ಇಳಿಸಿದ್ದರಲ್ಲ, ಕಾಗದದ ಮೇಲೆ ನೋಡಿದರೆ ಅದು ಎದೆ ಝಲ್ಲೆನಿಸುವಷ್ಟು ಬಿಗಿ. ಒಂದೇ ಅಂಕಿಯಲ್ಲಿ ಕೆಲವರ ಯಂತ್ರ ನಿರಾಳವಾಗಿ ಓಡಿ, ಇನ್ನು ಕೆಲವರದು ನಿಂತುಹೋಗುತ್ತಿದ್ದದ್ದರಲ್ಲಿ ಆಶ್ಚರ್ಯವಿಲ್ಲ.

ಆದರೂ ಮಾಡಿಯೇ ನೋಡುತ್ತೇನೆ ಎನ್ನುವವರು ಮೊದಲು ಫ್ರೇಮ್ ಮಿತಿಯನ್ನು ತೆಗೆದು ಅಳೆಯಬೇಕು. 60ಕ್ಕೆ ಕಟ್ಟಿಹಾಕಿದ ಎಮ್ಯುಲೇಟರಿನಲ್ಲಿ ಯಾವ ಲಾಭವೂ ಕಾಣುವುದಿಲ್ಲ. ಸರಾಸರಿಗಿಂತ ಅತಿ ನಿಧಾನದ ಚಿತ್ರಕ್ಕೆ ಎಷ್ಟು ಸಮಯ ಹಿಡಿಯಿತು ಎಂಬುದನ್ನು ನೋಡಬೇಕು, ಆಟ ಮುಗ್ಗರಿಸುವುದು ಅಲ್ಲಿ. ಒಂದು ಸಲಕ್ಕೆ ಒಂದೇ ಅಂಕಿ, ಒಂದೇ ಹೆಜ್ಜೆ. ಮೆಮ್‌ಟೆಸ್ಟರಿನಂಥ ಪರೀಕ್ಷೆಯನ್ನು ಯಂತ್ರ ತಣ್ಣಗಿರುವಾಗ ಓಡಿಸಿ ಸಮಾಧಾನಪಟ್ಟುಕೊಂಡರೆ ಉಪಯೋಗವಿಲ್ಲ. ಭಾರದ ಆಟವನ್ನು ಅರ್ಧ ಗಂಟೆ ಆಡಿ, ಕಾದ ಯಂತ್ರದಲ್ಲಿ, ಚಾರ್ಜರ್ ಹಾಕಿಕೊಂಡೇ ಓಡಿಸಬೇಕು. ಒಂದೇ ಒಂದು ತಪ್ಪು ಬಂದರೂ ಎರಡು ಹೆಜ್ಜೆ ಹಿಂದಕ್ಕೆ. ಸೇವ್ ಫೈಲುಗಳ ಪ್ರತಿ ಬೇರೆ ಕಡೆ ಇರಲಿ.

ಇನ್ನು ತಿದ್ದಿದ ಯಂತ್ರದಲ್ಲಿ ಎಮ್ಯುಲೇಟರ್ ಬಿದ್ದರೆ ಅದನ್ನು ಬರೆದವರಿಗೆ ದೂರು ಕಳಿಸುವ ಮುನ್ನ ಮೂಲ ಟೈಮಿಂಗಿಗೆ ಮರಳಿ ಅದೇ ದೃಶ್ಯವನ್ನು ಮತ್ತೊಮ್ಮೆ ಆಡಿ ನೋಡಿ. ಈ ಎಮ್ಯುಲೇಟರುಗಳಲ್ಲಿ ಬಹುಪಾಲು ಸಂಬಳವಿಲ್ಲದೆ, ಬಿಡುವಿನ ವೇಳೆಯಲ್ಲಿ ಬರೆದಂಥವು. ತಿರುಗಿದ ಒಂದು ಬಿಟ್ಟು ಕೋಡಿನ ದೋಷದಂತೆಯೇ ಕಾಣುತ್ತದೆ, ಇನ್ಯಾರ ಯಂತ್ರದಲ್ಲೂ ಮರುಕಳಿಸುವುದಿಲ್ಲ, ಬರೆದವರ ಎಷ್ಟೋ ಸಂಜೆಗಳನ್ನು ನುಂಗುತ್ತದೆ. ಮರಳಿ ನೋಡಿದ ಮೇಲೂ ದೋಷ ಕಂಡರೆ, ಮೂಲ ಟೈಮಿಂಗಿನಲ್ಲಿಯೂ ಹೀಗೇ ಆಗುತ್ತದೆ ಎಂದು ದೂರಿನ ಮೊದಲ ಸಾಲಿನಲ್ಲೇ ಬರೆಯಿರಿ.